ಕಾನೂನಿನ ವೇಷ ತೊಟ್ಟು ಬರುವ ಕಳ್ಳ

ವಿಜಯಪುರದ ಓಣಿಗಳಿಗೆ ಒಂದು ಕಾಲಕ್ಕೆ ಹಗಲುವೇಷಗಾರರು ಬರುತ್ತಿದ್ದರು. ಮುಖಕ್ಕೆ ಬಣ್ಣ, ತಲೆಗೆ ಕಿರೀಟ, ಹಿಂದೆ ಪೇಟಿ-ತಬಲಾ. ಒಂದು ದಿನ ರಾಮ, ಇನ್ನೊಂದು ದಿನ ಭೀಮ, ಮತ್ತೊಂದು ದಿನ ಹನುಮಂತ. ಮರಾಠಿ ಸೀಮೆಯ ಬಹುರೂಪಿಗಳದು ಬೇರೆಯೇ ಬಗೆ. ಅವರಲ್ಲಿ ಕೆಲವರು ಪೊಲೀಸರ ವೇಷದಲ್ಲೇ ಬರುವವರು. ಖಾಕಿ ಅಂಗಿ ತೊಟ್ಟು, ಕೈಯಲ್ಲೊಂದು ಪುಸ್ತಕ ಹಿಡಿದು, ಮನೆಯ ಯಜಮಾನನ ಮೇಲೆ ವಾರಂಟು ಇದೆಯೆಂದು ಗದರಿಸುವುದು ಅವರ ಆಟ. ಹುಡುಗರು ಹೆದರಿ ಒಳಗೆ ಓಡುತ್ತಾರೆ, ದೊಡ್ಡವರು ನಗುತ್ತಾರೆ, ಕೊನೆಗೆ ಬಹುರೂಪಿ ಸಲಾಮು ಹೊಡೆದು ಕೈ ಚಾಚುತ್ತಾನೆ. ನಾಲ್ಕು ಕಾಸು, ಒಂದು ಸೇರು ಜೋಳ ಕೊಟ್ಟು ಕಳಿಸುತ್ತಾರೆ. ಇದು ವೇಷ ಎಂಬುದು ಕೊಡುವವರಿಗೂ ಗೊತ್ತು, ಪಡೆಯುವವನಿಗೂ ಗೊತ್ತು.

ಈಗ ಅದೇ ಆಟ ಅಂಗೈಯಲ್ಲಿರುವ ಮೊಬೈಲಿನೊಳಗೆ ನಡೆಯುತ್ತಿದೆ. ಅದೇ ಖಾಕಿ, ಅದೇ ವಾರಂಟು, ಅದೇ ಗದರಿಕೆ. ಆದರೆ ಇಲ್ಲಿ ವೇಷ ಕಳಚುವ ಗಳಿಗೆ ಬರುವುದೇ ಇಲ್ಲ. ನಾಲ್ಕು ಕಾಸಿನ ಬದಲು ಜೀವಮಾನದ ಗಳಿಕೆ ಹೋಗುತ್ತದೆ. ಜನರ ಬಾಯಲ್ಲಿ ಇದಕ್ಕೆ 'ಡಿಜಿಟಲ್ ಅರೆಸ್ಟ್' ಎಂಬ ಹೆಸರು ಬಿದ್ದಿದೆ. ಇಂಥ ಹೆಸರಿನ ಬಂಧನ ದೇಶದ ಯಾವ ಕಾನೂನಿನಲ್ಲೂ ಇಲ್ಲ.

ವಿಜಯಪುರಕ್ಕೆ ಬಂದ ಒಂದು ಕರೆ

2024ರ ಅಕ್ಟೋಬರ್ 27ರ ಭಾನುವಾರ ಪ್ರಧಾನಿ ನರೇಂದ್ರ ಮೋದಿಯವರು 'ಮನ್ ಕೀ ಬಾತ್' ಕಾರ್ಯಕ್ರಮದಲ್ಲಿ ಒಂದು ದೂರವಾಣಿ ಸಂಭಾಷಣೆಯನ್ನು ಇಡೀ ದೇಶಕ್ಕೆ ಕೇಳಿಸಿದರು. ಕರೆ ಮಾಡಿದಾತ ತಾನು ಪೊಲೀಸ್ ಅಧಿಕಾರಿ ಎನ್ನುತ್ತಾನೆ. ಈ ಮೊಬೈಲ್ ಸಂಖ್ಯೆಯ ಮೇಲೆ ದೂರುಗಳಿವೆ ಎಂದು ಹೆದರಿಸುತ್ತಾನೆ, ಆಧಾರ್ ಚೀಟಿ ತೋರಿಸಲು ಹೇಳುತ್ತಾನೆ. ಆ ಕರೆ ಸ್ವೀಕರಿಸಿದವರು ವಿಜಯಪುರದ ಒಬ್ಬ ನಾಗರಿಕರು. ಅವರು ಮೋಸ ಹೋಗಲಿಲ್ಲ. ಮಾತುಕತೆಯನ್ನು ದಾಖಲಿಸಿಕೊಂಡರು. ಹೀಗಾಗಿ ಗೋಳಗುಮ್ಮಟದ ಊರಿನ ಒಂದು ಮೊಬೈಲಿಗೆ ಬಂದ ಸುಳ್ಳು ಕರೆ ದೇಶದ ಜನರಿಗೆ ಪಾಠವಾಯಿತು.

ಐದು ತಿಂಗಳ ನಂತರ, 2025ರ ಮಾರ್ಚ್ ಕೊನೆಯಲ್ಲಿ, ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಿಂದ ಬಂದ ಸುದ್ದಿ ಬೇರೆಯೇ ಆಗಿತ್ತು. ಇಳಿವಯಸ್ಸಿನ ದಂಪತಿಗೆ ಇಂಥದೇ ಕರೆ ಬಂದಿತ್ತು. ದೆಹಲಿಯ ದೂರಸಂಪರ್ಕ ಇಲಾಖೆಯವರು, ಅಪರಾಧ ವಿಭಾಗದ ಪೊಲೀಸರು ಎಂದು ಹೇಳಿಕೊಂಡವರು 50 ಲಕ್ಷ ರೂಪಾಯಿಗೂ ಹೆಚ್ಚು ಹಣ ಸುಲಿದಿದ್ದರು. ಇಬ್ಬರೂ ಪ್ರಾಣ ಕಳೆದುಕೊಂಡರು. ವಂಚಕರ ವಿಷಯ ಲೋಕಕ್ಕೆ ತಿಳಿದದ್ದು ಅವರು ಬಿಟ್ಟುಹೋದ ಪತ್ರದಿಂದ.

ಎರಡೂ ಕಡೆ ಬಂದದ್ದು ಒಂದೇ ಬಗೆಯ ಕರೆ. ಒಂದು ಕಡೆ ಅದು ಎಚ್ಚರಿಕೆಯ ಪಾಠವಾಯಿತು, ಇನ್ನೊಂದು ಕಡೆ ಎರಡು ಜೀವ ತೆಗೆಯಿತು. ಈ ವ್ಯತ್ಯಾಸಕ್ಕೆ ಓದು-ಬರಹವಾಗಲಿ ಬುದ್ಧಿವಂತಿಕೆಯಾಗಲಿ ಕಾರಣವೆನ್ನುವಂತಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ವೃತ್ತಿಯಲ್ಲಿದ್ದ 57 ವರ್ಷದ ಮಹಿಳೆಯೊಬ್ಬರು ಇಂಥದೇ ಬಲೆಗೆ ಬಿದ್ದು 187 ಕಂತುಗಳಲ್ಲಿ ಸುಮಾರು 32 ಕೋಟಿ ರೂಪಾಯಿ ಕಳೆದುಕೊಂಡ ಪ್ರಕರಣ 2025ರ ನವೆಂಬರ್‌ನಲ್ಲಿ ಬೆಳಕಿಗೆ ಬಂತು. ಕಂಪ್ಯೂಟರ್ ಬಲ್ಲವರು ಬಚಾವು, ಬಾರದವರು ಬಲಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಏಕೆಂದರೆ ಈ ಮೋಸದ ಆಯುಧ ಕಂಪ್ಯೂಟರ್ ಅಲ್ಲ, ಕಾನೂನಿನ ಭಯ.

ಮೂರು ಅಂಕಗಳ ನಾಟಕ

ಭೂತನಾಳದಲ್ಲೋ ತಿಕೋಟಾದಲ್ಲೋ ಬಬಲೇಶ್ವರದಲ್ಲೋ ಒಬ್ಬ ನಿವೃತ್ತ ಶಿಕ್ಷಕರಿಗೆ ಕರೆ ಬಂತೆಂದು ಇಟ್ಟುಕೊಳ್ಳೋಣ. ಮೊದಲು ಮಾತನಾಡುವವನು ಕೊರಿಯರ್ ಕಂಪನಿಯವನು ಇಲ್ಲವೆ ದೂರವಾಣಿ ಇಲಾಖೆಯವನು. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಪಡೆದ ಸಿಮ್ಮಿನಿಂದ ಅಪರಾಧ ನಡೆದಿದೆ ಎನ್ನುತ್ತಾನೆ. ಹೆಸರು, ಊರು, ಮಗ ಎಲ್ಲಿ ನೌಕರಿಯಲ್ಲಿದ್ದಾನೆ ಎಂಬುದೂ ಅವನಿಗೆ ಗೊತ್ತಿರುತ್ತದೆ. ಸೋರಿಕೆಯಾದ ಪಟ್ಟಿಗಳಿಂದ, ಜನ ತಾವೇ ಫೇಸ್‌ಬುಕ್ಕಿನಲ್ಲಿ ಹಾಕಿಕೊಂಡ ಚಿತ್ರಗಳಿಂದ ಈ ವಿವರ ಕಲೆಹಾಕುವುದು ಕಷ್ಟವಲ್ಲ. ಇಷ್ಟೆಲ್ಲ ಬಲ್ಲವನು ಸರ್ಕಾರದವನೇ ಇರಬೇಕು ಎಂದು ಕೇಳುವವರಿಗೆ ಅನಿಸುತ್ತದೆ. ಇದು ಮೊದಲ ಅಂಕ.

ಎರಡನೆಯ ಅಂಕದಲ್ಲಿ ವಿಡಿಯೊ ಕರೆ. ಪರದೆಯ ಮೇಲೆ ಸಮವಸ್ತ್ರ ತೊಟ್ಟ ಅಧಿಕಾರಿ, ಹಿಂದೆ ಇಲಾಖೆಯ ಲಾಂಛನ, ಮೇಜಿನ ಮೇಲೆ ಕಡತ. ಒಬ್ಬ ಪೊಲೀಸನಾದ ಮೇಲೆ ಸಿಬಿಐ ಅಧಿಕಾರಿ, ಅವನಾದ ಮೇಲೆ ಜಾರಿ ನಿರ್ದೇಶನಾಲಯದವನು. ಹೀಗೆ ಒಬ್ಬರಿಂದೊಬ್ಬರಿಗೆ ಕರೆ ದಾಟುತ್ತದೆ. ಬಂಧನದ ಆದೇಶ, ರಿಸರ್ವ್ ಬ್ಯಾಂಕಿನ ಪತ್ರ, ಕೊನೆಗೆ ಸುಪ್ರೀಂ ಕೋರ್ಟಿನ ಮುದ್ರೆ ಹೊತ್ತ ಕಾಗದವೂ ಬರುತ್ತದೆ. ಹರಿಯಾಣದ ಅಂಬಾಲಾದ ಹಿರಿಯ ದಂಪತಿಯನ್ನು ಹೆದರಿಸಲು ಸುಪ್ರೀಂ ಕೋರ್ಟಿನದೇ ನಕಲಿ ಆದೇಶಗಳನ್ನು ಬಳಸಿದ್ದರು. ಅದನ್ನು ಕಂಡು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ವಿಚಾರಣೆ ಆರಂಭಿಸಿತು. ಡಿಸೆಂಬರ್ 1ರಂದು ಇಂಥ ಪ್ರಕರಣಗಳ ತನಿಖೆಯನ್ನು ಸಿಬಿಐಗೆ ಒಪ್ಪಿಸಿತು.

ಮೂರನೆಯ ಅಂಕ ಅವಸರದ್ದು. ಕ್ಯಾಮೆರಾ ಆರಿಸಬೇಡಿ, ಕೋಣೆಯಿಂದ ಹೊರಗೆ ಹೋಗಬೇಡಿ, ಹೆಂಡತಿಗೂ ಹೇಳಬೇಡಿ, ಇದು ರಾಷ್ಟ್ರದ ಭದ್ರತೆಯ ವಿಷಯ. ವಿಡಿಯೊ ಕರೆಯನ್ನೇ ಅವರು ಆರಿಸಿಕೊಳ್ಳುವುದು ಮುಖ ತೋರಿಸಲಿಕ್ಕಷ್ಟೇ ಅಲ್ಲ, ಕಾವಲು ಕಾಯಲಿಕ್ಕೂ ಹೌದು. ಕಣ್ಣಮುಂದೆ ಕೂರಿಸಿಕೊಂಡವನು ಇನ್ನೊಬ್ಬರನ್ನು ಕೇಳಲಾರ. ಆಮೇಲೆ ಹಣದ ಮಾತು: ನಿಮ್ಮ ಖಾತೆಯಲ್ಲಿರುವುದು ಶುದ್ಧ ಹಣವೇ ಎಂದು ಪರೀಕ್ಷಿಸಬೇಕು, ಈ ಖಾತೆಗೆ ಹಾಕಿ, ತನಿಖೆ ಮುಗಿದ ಮೇಲೆ ಮರಳಿಸುತ್ತೇವೆ. ಹಾಕಿದ ಹಣ ಮರಳುವುದಿಲ್ಲ.

ಇದೊಂದೇ ವೇಷವಲ್ಲ. ಹಿರಿಯ ಅಧಿಕಾರಿಯ ಭಾವಚಿತ್ರ ಹಾಕಿ ಫೇಸ್‌ಬುಕ್ ಖಾತೆ ತೆರೆದು, ವರ್ಗವಾದ ಗೆಳೆಯನ ಪೀಠೋಪಕರಣ ಅಗ್ಗಕ್ಕೆ ಇದೆ ಎನ್ನುವುದು ಒಂದು. ಪಿಎಂ ಕಿಸಾನ್ ಹೆಸರಿನ ಆ್ಯಪ್ ಕಳಿಸಿ ರೈತರ ಮೊಬೈಲನ್ನೇ ವಶ ಮಾಡಿಕೊಳ್ಳುವುದು ಇನ್ನೊಂದು. ತಿಕೋಟಾ ಭಾಗದ ದ್ರಾಕ್ಷಿ ಬೆಳೆಗಾರನ ಖಾತೆಗೆ ವರ್ಷದ ಗಳಿಕೆಯೆಲ್ಲ ಒಣದ್ರಾಕ್ಷಿ ಮಾರಾಟದ ಒಂದೆರಡು ಕಂತಿನಲ್ಲೇ ಬರುವುದುಂಟು. ಅದು ಹೋದರೆ ಮುಂದಿನ ಹಂಗಾಮಿನ ಬಂಡವಾಳವೇ ಹೋದಂತೆ. 2025ರ ಸೆಪ್ಟೆಂಬರ್‌ನಲ್ಲಿ ನಟಿ ಪ್ರಿಯಾಂಕಾ ಉಪೇಂದ್ರ ಅವರ ವಾಟ್ಸ್‌ಆ್ಯಪ್ ವಶಪಡಿಸಿಕೊಂಡ ವಂಚಕರು ಅವರ ಹೆಸರಿನಲ್ಲಿ ಪರಿಚಿತರಿಗೆ ಹಣ ಕೇಳಿ ಸಂದೇಶ ಕಳಿಸಿದ್ದರು. ಪಾರ್ಸೆಲ್ ತಲುಪಿಸಲು ಈ ಅಂಕಿಗಳನ್ನು ಒತ್ತಿ ಎಂದು ಹೇಳುವುದು ಇಂಥ ಮೋಸದ ಒಂದು ದಾರಿ. ನಕ್ಷತ್ರದ ಗುರುತಿನಿಂದ ಶುರುವಾಗುವ ಆ ಅಂಕಿ ಒತ್ತಿದರೆ ಕರೆಗಳೆಲ್ಲ ಕಳ್ಳನ ಸಂಖ್ಯೆಗೆ ತಿರುಗುತ್ತವೆ. ವಾಟ್ಸ್‌ಆ್ಯಪ್ ತೆರೆಯಲು ಬೇಕಾದ ಗುಪ್ತ ಅಂಕಿಯೂ ಅವನ ಕಿವಿಗೇ ಬೀಳುತ್ತದೆ.

ತಾಮ್ರಪಟದಿಂದ ದೂರವಾಣಿಯವರೆಗೆ

ಅಧಿಕಾರದ ವೇಷ ತೊಟ್ಟು ಆಸ್ತಿ ಹೊಡೆಯುವುದು ಮೊಬೈಲಿನೊಂದಿಗೆ ಹುಟ್ಟಿದ್ದಲ್ಲ. ಅರಸರ ಕಾಲದಲ್ಲಿ ಭೂಮಿಗೆ ತಾಮ್ರಪಟವೇ ಪ್ರಮಾಣ. ಆಗ ಸತ್ತುಹೋದ ರಾಜನ ಹೆಸರಿನಲ್ಲಿ ದಾನಶಾಸನ ಕೊರೆಸಿಕೊಳ್ಳುವವರಿದ್ದರು. ಕನ್ನಡನಾಡಿನ ಶಾಸನಗಳನ್ನು ಓದಿ ಪ್ರಕಟಿಸಿದ ಜೆ.ಎಫ್. ಫ್ಲೀಟ್ ಇಂಥ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ಗುರುತಿಸಿದ್ದಾರೆ. ಗದಗ ಜಿಲ್ಲೆಯ ಸೂಡಿಯಲ್ಲಿ ದೊರೆತ, ಗಂಗರ ಬೂತುಗನ ಹೆಸರಿನಲ್ಲಿರುವ ಶಕವರ್ಷ 860ರ, ಎಂದರೆ ಕ್ರಿ.ಶ. 938ರ ತಾಮ್ರಪಟ ಅವುಗಳಲ್ಲೊಂದು. ಅಕ್ಷರದ ರೂಪ ಹೇಳಿಕೊಂಡ ಕಾಲಕ್ಕೆ ಹೊಂದುತ್ತದೆಯೇ, ತಿಥಿ-ವಾರ ತಾಳೆಯಾಗುತ್ತವೆಯೇ ಎಂದು ನೋಡಿ ಶಾಸನತಜ್ಞರು ಸುಳ್ಳನ್ನು ಹಿಡಿಯುತ್ತಾರೆ.

ದಂಡನೆಯೂ ಅಷ್ಟೇ ಹಳೆಯದು. ನಕಲಿ ರಾಜಶಾಸನ, ನಕಲಿ ತಕ್ಕಡಿ, ನಕಲಿ ನಾಣ್ಯ ಮಾಡುವವರಿಗೆ ಯಾಜ್ಞವಲ್ಕ್ಯ ಸ್ಮೃತಿ ಅತ್ಯುನ್ನತ ದಂಡ ವಿಧಿಸುತ್ತದೆ. ಆ ಸ್ಮೃತಿಗೆ 'ಮಿತಾಕ್ಷರ' ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ರಾಜಾಜ್ಞೆಯ ನಕಲು ಮಾಡುವುದನ್ನು ನಾಣ್ಯದ ನಕಲಿನ ಸಾಲಿಗೆ ಸೇರಿಸಿದ್ದರಲ್ಲಿ ಅರ್ಥವಿದೆ. ಎರಡೂ ಕಡೆ ಕಳುವಾಗುವುದು ಒಬ್ಬನ ಆಸ್ತಿ ಮಾತ್ರವಲ್ಲ, ಎಲ್ಲರ ನಂಬಿಕೆ.

ಬ್ರಿಟಿಷರ ಕಾಲದಲ್ಲಿ 1860ರ ಭಾರತೀಯ ದಂಡ ಸಂಹಿತೆ ಬಂತು. 1862ರ ಜನವರಿ 1ರಿಂದ ಜಾರಿಯಾದ ಆ ಸಂಹಿತೆಯ 416ನೇ ಕಲಂ ಸೋಗು ಹಾಕಿ ವಂಚಿಸುವುದನ್ನು ವಿವರಿಸುತ್ತಿತ್ತು. ಅಲ್ಲಿ ಕೊಟ್ಟ ಉದಾಹರಣೆಗಳು ಸ್ವಾರಸ್ಯವಾಗಿವೆ: ಒಬ್ಬ ತನ್ನದೇ ಹೆಸರಿನ ಶ್ರೀಮಂತ ಸಾಹುಕಾರನೆಂದು ನಟಿಸಿ ಮೋಸ ಮಾಡುವುದು ಒಂದು, ಸತ್ತವನ ಹೆಸರು ಹೇಳಿ ಮೋಸ ಮಾಡುವುದು ಇನ್ನೊಂದು. ಯಾರ ಸೋಗು ಹಾಕಿದನೋ ಆ ವ್ಯಕ್ತಿ ನಿಜವಾಗಿ ಇರಲೇಬೇಕೆಂದಿಲ್ಲ, ಕಾಲ್ಪನಿಕ ವ್ಯಕ್ತಿಯಾದರೂ ಅಪರಾಧವೇ ಎಂದೂ ಕಲಂ ಸ್ಪಷ್ಟಪಡಿಸಿತ್ತು. ದೆಹಲಿಯಲ್ಲಿ ಇಲ್ಲವೇ ಇಲ್ಲದ ಅಧಿಕಾರಿಯ ಹೆಸರಿನಲ್ಲಿ ಬರುವ ಇಂದಿನ ಕರೆಗೂ ಆ ಮಾತು ಒಪ್ಪುತ್ತದೆ.

ಒಂದು ಮೋಸ, ಹಲವು ಕಲಂ

ಹಳೆಯ ಸಂಹಿತೆಗೆ ದೂರವಾಣಿ, ಗಣಕಯಂತ್ರಗಳ ಕಲ್ಪನೆ ಇರಲಿಲ್ಲ. ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ದ ಅಕ್ಟೋಬರ್ 17ರಂದು ಜಾರಿಗೆ ಬಂದರೂ ಮೊದಲ ರೂಪದಲ್ಲಿ ಅದರ ಗಮನವೆಲ್ಲ ಗಣಕಯಂತ್ರಕ್ಕೆ ನುಗ್ಗುವವರ ಮೇಲಿತ್ತು. ಸೋಗಿನ ಮಾತು ಬಂದದ್ದು 2008ರ ತಿದ್ದುಪಡಿಯಲ್ಲಿ. ಅದು 2009ರ ಅಕ್ಟೋಬರ್ 27ರಿಂದ ಜಾರಿಯಾಯಿತು. ಹೊರದೇಶಗಳಲ್ಲೂ ಹೆಚ್ಚು ಕಡಿಮೆ ಇದೇ ಹೊತ್ತಿಗೆ ಕಣ್ಣು ತೆರೆದಿತ್ತು. ಅಮೆರಿಕದ ಟೆಕ್ಸಾಸ್ ರಾಜ್ಯ 2009ರಲ್ಲಿ, ಕ್ಯಾಲಿಫೋರ್ನಿಯಾ 2011ರ ಆರಂಭದಿಂದ ಅಂತರಜಾಲದ ಸೋಗನ್ನು ಪ್ರತ್ಯೇಕ ಅಪರಾಧವಾಗಿಸಿದವು.

ನಮ್ಮ ತಿದ್ದುಪಡಿಯ ಎರಡು ಕಲಂಗಳನ್ನು ಓದುಗರು ನೆನಪಿಡಬೇಕು. 66-ಸಿ ಎಂಬುದು ಗುರುತಿನ ಕಳವು: ಇನ್ನೊಬ್ಬರ ಪಾಸ್‌ವರ್ಡ್, ವಿದ್ಯುನ್ಮಾನ ಸಹಿ ಅಥವಾ ಅಂಥ ಯಾವುದೇ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವುದು. 66-ಡಿ ಎಂಬುದು ಸಂಪರ್ಕ ಸಾಧನ ಅಥವಾ ಗಣಕಯಂತ್ರದ ಮೂಲಕ ಸೋಗು ಹಾಕಿ ವಂಚಿಸುವುದು. ಮೊದಲನೆಯದು ಮನೆಯ ಬೀಗದ ಕೈ ಕದ್ದಂತೆ, ಎರಡನೆಯದು ಯಜಮಾನನ ವೇಷದಲ್ಲಿ ಬಾಗಿಲು ತಟ್ಟಿದಂತೆ. ಎರಡಕ್ಕೂ 3 ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ.

2024ರ ಜುಲೈ 1ರಂದು ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಬೈಗುಳವಾಗಿ ಊರೂರು ಸುತ್ತಿದ 'ಫೋರ್ ಟ್ವೆಂಟಿ' ಅಂದು ಕಾನೂನಿನ ಪುಸ್ತಕದಿಂದ ನಿವೃತ್ತವಾಯಿತು. ವಂಚನೆಗೆ ಈಗ 318ನೇ ಕಲಂ, ಹಣ ಅಥವಾ ಸ್ವತ್ತು ಕಿತ್ತುಕೊಂಡಿದ್ದರೆ 7 ವರ್ಷಗಳವರೆಗೆ ಸೆರೆ. ಸೋಗಿನ ವಂಚನೆಗೆ 319ನೇ ಕಲಂ, ಹಿಂದೆ 3 ವರ್ಷವಿದ್ದ ಗರಿಷ್ಠ ಶಿಕ್ಷೆ ಈಗ 5 ವರ್ಷ. ಸರ್ಕಾರಿ ನೌಕರನೆಂದು ನಟಿಸಿದರೆ 204ನೇ ಕಲಂ, ಕನಿಷ್ಠ 6 ತಿಂಗಳಿಂದ 3 ವರ್ಷಗಳವರೆಗೆ. ಸಂಘಟಿತ ಅಪರಾಧವನ್ನು ಕುರಿತ 111ನೇ ಕಲಂ ಸೈಬರ್ ಅಪರಾಧವನ್ನೂ ಒಳಗೊಂಡಿದೆ. ಇದಲ್ಲದೆ 2023ರ ದೂರಸಂಪರ್ಕ ಅಧಿನಿಯಮದ ಪ್ರಕಾರ ಮೋಸದಿಂದ ಅಥವಾ ಸೋಗಿನಿಂದ ಸಿಮ್ ಪಡೆದವರಿಗೆ 3 ವರ್ಷಗಳವರೆಗೆ ಸೆರೆ ಅಥವಾ 50 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ನಕಲಿ ಖಾತೆಯ ಬಗ್ಗೆ ಹೆಸರಿನ ಒಡೆಯ ದೂರಿತ್ತರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕೆಂಬ ಗಡುವನ್ನು ಸಾಮಾಜಿಕ ಜಾಲತಾಣಗಳಿಗೆ ಹಾಕಿದ್ದು 2021ರ ನಿಯಮಗಳು.

ಇಷ್ಟೊಂದು ಕಲಂಗಳಿದ್ದರೂ ಕಳ್ಳನಿಗೆ ಭಯವಿಲ್ಲವೇಕೆ? ಕಾನೂನಿನ ಒಳಗಿನ ಕಾರಣಗಳೂ ಉಂಟು, ಹೊರಗಿನವೂ ಉಂಟು. 3 ವರ್ಷ ಶಿಕ್ಷೆಯ 66-ಸಿ, 66-ಡಿ ಜಾಮೀನು ಸಿಗುವ ಅಪರಾಧಗಳು. ಹೀಗಾಗಿ ಪೊಲೀಸರು ಸಾಮಾನ್ಯವಾಗಿ ಜಾಮೀನುರಹಿತವಾದ ವಂಚನೆಯ ಕಲಮನ್ನೂ ಸೇರಿಸಿಯೇ ಮೊಕದ್ದಮೆ ಹೂಡುತ್ತಾರೆ. ಮಾಹಿತಿ ತಂತ್ರಜ್ಞಾನ ಅಧಿನಿಯಮದ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಸಬ್ ಇನ್‌ಸ್ಪೆಕ್ಟರೇ ಮುಖ್ಯಸ್ಥರಾಗಿರುವ ಗ್ರಾಮೀಣ ಠಾಣೆಗಳಿಂದ ಪ್ರಕರಣ ಜಿಲ್ಲಾ ಕೇಂದ್ರದ ಕಡೆ ಸಾಗುವುದು ಇದಕ್ಕೇ. ದೇಶದ ಮೊದಲ ಸೈಬರ್ ಅಪರಾಧ ಠಾಣೆ ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾಯಿತು. ಮುಂದೆ ಸಿಇಎನ್ ಎಂಬ ಹೆಸರಿನಲ್ಲಿ ಜಿಲ್ಲೆ ಜಿಲ್ಲೆಗೂ ಇಂಥ ಠಾಣೆ ಬಂತು. 2025ರಲ್ಲಿ ರಾಜ್ಯ ಸರ್ಕಾರ ಸೈಬರ್ ಕಮಾಂಡ್ ಘಟಕವನ್ನೂ ಸ್ಥಾಪಿಸಿತು.

ಹೊರಗಿನ ಕಾರಣ ಇನ್ನೂ ದೊಡ್ಡದು. ಕರೆ ಮಾಡುವವನು ಕಾಂಬೋಡಿಯಾದಲ್ಲೋ ಮ್ಯಾನ್ಮಾರ್‌ನಲ್ಲೋ ಇರಬಹುದು. ಅಲ್ಲಿನ ಕೋಟೆಯಂಥ ಕಟ್ಟಡಗಳಲ್ಲಿ ನೌಕರಿಯ ಆಸೆ ತೋರಿಸಿ ಕರೆದೊಯ್ದ ಭಾರತೀಯ ಯುವಕರನ್ನೇ ಕೂಡಿಹಾಕಿ, ಹೊಡೆದು ಬಡಿದು ಈ ಕರೆಗಳನ್ನು ಮಾಡಿಸಿದ ಸಂಗತಿ ಬಯಲಾಗಿದೆ. ಅಂಥ ಕಡೆ ವೇಷ ತೊಟ್ಟವನೂ ಸೆರೆಯಾಳೇ. ಆಡಿಸುವವನು ತೆರೆಯ ಹಿಂದೆ ಉಳಿಯುತ್ತಾನೆ.

ಆದರೂ ಶಿಕ್ಷೆಯೇ ಆಗುವುದಿಲ್ಲ ಎನ್ನುವಂತಿಲ್ಲ. ಪಶ್ಚಿಮ ಬಂಗಾಳದ ಕಲ್ಯಾಣಿಯ ನ್ಯಾಯಾಲಯ 2025ರ ಜುಲೈನಲ್ಲಿ ಹಿರಿಯರೊಬ್ಬರಿಂದ ಸುಮಾರು 1 ಕೋಟಿ ರೂಪಾಯಿ ಸುಲಿದ ಡಿಜಿಟಲ್ ಅರೆಸ್ಟ್ ಪ್ರಕರಣದಲ್ಲಿ 9 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು.

ಬಂಧನಕ್ಕೆ ಮೈ ಬೇಕು

ವಂಚಕನನ್ನು ಶಿಕ್ಷಿಸುವ ಕಾನೂನಿಗಿಂತ ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಪೊಲೀಸರನ್ನೇ ಕಟ್ಟಿಹಾಕಿರುವ ಕಾನೂನು. ನಿಜವಾದ ಬಂಧನ ಹೇಗಿರುತ್ತದೆ ಎಂದು ಬಲ್ಲವನಿಗೆ ಸುಳ್ಳು ಬಂಧನ ಮೊದಲ ನೋಟಕ್ಕೇ ಗೊತ್ತಾಗುತ್ತದೆ.

ಬಂಧಿಸುವ ಅಧಿಕಾರಿ ವ್ಯಕ್ತಿಯ ಮೈ ಮುಟ್ಟಬೇಕು ಅಥವಾ ಅವನನ್ನು ತಡೆದು ಹಿಡಿಯಬೇಕು, ಆತ ಮಾತಿನಿಂದಲೋ ನಡೆಯಿಂದಲೋ ತಾನೇ ವಶವಾದರೆ ಮಾತ್ರ ಅದರ ಅಗತ್ಯವಿಲ್ಲ ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದೇ ಮಾತಿತ್ತು. ಎಂದರೆ ಬಂಧಿಸುವವನು ಎದುರಿಗೆ ಬಂದು ನಿಲ್ಲಬೇಕು. ಅವನ ಹೆಸರಿನ ಪಟ್ಟಿ ಎದ್ದು ಕಾಣುವಂತಿರಬೇಕು. ಬಂಧನದ ಜ್ಞಾಪನ ಪತ್ರ ಬರೆದು, ಮನೆಯವರಲ್ಲೊಬ್ಬರ ಅಥವಾ ಊರಿನ ಗೌರವಸ್ಥರೊಬ್ಬರ ಸಾಕ್ಷಿ ಹಾಕಿಸಬೇಕು. ಬಂಧುಮಿತ್ರರಿಗೆ ವಿಷಯ ತಿಳಿಸಬೇಕು. 1996ರ ಡಿಸೆಂಬರ್‌ನಲ್ಲಿ ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ ಈ ಕಟ್ಟಳೆಗಳು ಮುಂದೆ ಶಾಸನದೊಳಗೇ ಸೇರಿದವು. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೇ ವಿಧಿಯ ಅಪ್ಪಣೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುನ್ನ, ವಿಶೇಷ ಸಂದರ್ಭದ ಹೊರತು ಮಹಿಳೆಯರನ್ನು ಬಂಧಿಸುವಂತಿಲ್ಲ. ಪೊಲೀಸರು ವಿಚಾರಣೆಗೆ ಹಾಜರಾಗಲು ಕೊಡುವ ನೋಟಿಸನ್ನೂ ವಾಟ್ಸ್‌ಆ್ಯಪ್ ಮೂಲಕ ಕಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಹೇಳಿದೆ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ನಿಜವಾದ ಪೊಲೀಸ್ ಮನೆಯವರಿಗೆ ತಿಳಿಸಲೇಬೇಕು, ಸುಳ್ಳು ಪೊಲೀಸ್ ಯಾರಿಗೂ ಹೇಳಬೇಡಿ ಎನ್ನುತ್ತಾನೆ. ನಿಜವಾದವನು ಸಾಕ್ಷಿ ಕೇಳುತ್ತಾನೆ, ಸುಳ್ಳುಗಾರ ಬಾಗಿಲು ಹಾಕಿಕೊಳ್ಳಿ ಎನ್ನುತ್ತಾನೆ. ನಿಜವಾದವನು ನ್ಯಾಯಾಲಯಕ್ಕೆ ಕರೆದೊಯ್ಯುತ್ತಾನೆ, ಸುಳ್ಳುಗಾರ ಬ್ಯಾಂಕಿಗೆ ಕಳಿಸುತ್ತಾನೆ. ತನಿಖೆಗಾಗಿ ಹಣವನ್ನು ಇನ್ನೊಂದು ಖಾತೆಗೆ ಹಾಕಿ ಎಂದು ಕೇಳುವ ಅಧಿಕಾರ ಯಾವ ಪೊಲೀಸರಿಗೂ, ಯಾವ ನ್ಯಾಯಾಲಯಕ್ಕೂ ಇಲ್ಲ. ಖಾತೆಯ ಮೇಲೆ ಅನುಮಾನ ಬಂದರೆ ಅವರು ಬ್ಯಾಂಕಿಗೇ ಬರೆದು ಖಾತೆಯನ್ನು ತಡೆಹಿಡಿಯುತ್ತಾರೆ.

ಪೊಲೀಸರೆಂದರೆ ಹೆದರಿಕೆ, ಕೋರ್ಟ್ ಮೆಟ್ಟಿಲು ಹತ್ತಬಾರದು ಎಂಬ ಸಂಸ್ಕಾರ ನಮ್ಮ ಸಮಾಜದಲ್ಲಿ ಆಳವಾಗಿದೆ. ಠಾಣೆ ನೋಡದವನೇ ಮರ್ಯಾದಸ್ಥ ಎಂಬ ಮಾತು ಹಳ್ಳಿಯಲ್ಲೂ ಇದೆ, ನಗರದಲ್ಲೂ ಇದೆ. ಠಾಣೆಯನ್ನೇ ನೋಡದವನಿಗೆ ಪರದೆಯ ಮೇಲಿನ ಠಾಣೆ ಸುಳ್ಳೆಂದು ತಿಳಿಯುವುದು ಹೇಗೆ? ವಂಚಕನಿಗೆ ಅನುಕೂಲವಾಗಿರುವುದು ಈ ಮರ್ಯಾದೆಯೇ. ಬಹುರೂಪಿಯ ಮುಂದೆ ದೊಡ್ಡವರು ನಗುತ್ತಿದ್ದುದು ನಿಜವಾದ ಜಮಾದಾರ ಹೇಗಿರುತ್ತಾನೆಂದು ಅವರಿಗೆ ಗೊತ್ತಿದ್ದುದರಿಂದ. ಹೆದರಿ ಓಡುತ್ತಿದ್ದವರು ಅದನ್ನು ಅರಿಯದ ಮಕ್ಕಳು.

ಹಣದ ಬೆನ್ನು ಹತ್ತುವುದು

ಸಂಸತ್ತಿಗೆ ಸರ್ಕಾರ ನೀಡಿದ ಲೆಕ್ಕದಂತೆ ಡಿಜಿಟಲ್ ಅರೆಸ್ಟ್ ಮತ್ತು ಅದಕ್ಕೆ ಹೊಂದಿಕೊಂಡ ಅಪರಾಧಗಳ ದೂರುಗಳು 2022ರಲ್ಲಿ 39,925 ಇದ್ದವು. 2024ರಲ್ಲಿ ಅವು 1,23,672 ಆದವು. ಹೋದ ಹಣ ಮಾತ್ರ 91 ಕೋಟಿಯಿಂದ 1,935 ಕೋಟಿ ರೂಪಾಯಿಗೆ ಏರಿತು. ಎಲ್ಲ ಬಗೆಯ ಸೈಬರ್ ವಂಚನೆ ಸೇರಿಸಿದರೆ 2024ರಲ್ಲಿ ದೇಶದ ಜನ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ. ಅದರ ಹಿಂದಿನ ವರ್ಷ ಅದು 7,465 ಕೋಟಿ ಇತ್ತು.

ಈ ಹಣ ಒಂದು ಖಾತೆಯಲ್ಲಿ ಕುಳಿತಿರುವುದಿಲ್ಲ. ಕಮಿಷನ್ ಆಸೆಗೆ ತಮ್ಮ ಖಾತೆಯನ್ನು ಬಾಡಿಗೆಗೆ ಕೊಟ್ಟವರ ಹೆಸರಿಗೆ ಮೊದಲು ಬೀಳುತ್ತದೆ. ಅಲ್ಲಿಂದ ಹತ್ತು ಖಾತೆಗೆ ಒಡೆದು, ಅಲ್ಲಿಂದ ಇನ್ನಷ್ಟು ಖಾತೆಗೆ ಹರಿದು, ಕೊನೆಗೆ ನಗದಾಗಿಯೋ ಕ್ರಿಪ್ಟೊ ನಾಣ್ಯವಾಗಿಯೋ ಗಡಿ ದಾಟುತ್ತದೆ. ಮೊದಲ ಗಂಟೆಗೇ ಎಲ್ಲ ಬೆಲೆ ಇರುವುದು ಅದಕ್ಕೆ. 2021ರಲ್ಲಿ 155260 ಎಂದು ಶುರುವಾಗಿ ಈಗ 1930 ಆಗಿರುವ ಸಹಾಯವಾಣಿಗೆ ದೂರು ಕೊಟ್ಟರೆ ಹಣ ಹೋದ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಅಲ್ಲಿ ಉಳಿದಿದ್ದ ಮೊತ್ತ ಅಲ್ಲೇ ತಡೆಯಲ್ಪಡುತ್ತದೆ. ಮುಂದಿನ ಬ್ಯಾಂಕಿಗೆ ದಾಟಿದ್ದರೆ ಸೂಚನೆಯೂ ಅಲ್ಲಿಗೆ ದಾಟುತ್ತದೆ. ಕೆರೆಯ ತೂಬು ತೆಗೆದ ಗಳಿಗೆಯಲ್ಲೇ ಕೂಗು ಹಾಕಿದರೆ ಕಾಲುವೆಯಲ್ಲಾದರೂ ನೀರು ತಡೆಯಬಹುದು, ಬೆಳಗಾದ ಮೇಲೆ ಹೋದರೆ ಒಣ ಪಾತಳಿ ಮಾತ್ರ. ತಡೆಹಿಡಿದ ಹಣ ನ್ಯಾಯಾಲಯದ ಆದೇಶದ ಮೇಲೆ ಮಾಲೀಕನ ಕೈಸೇರುತ್ತದೆ. ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ನಮ್ಮ ಸರಹದ್ದಲ್ಲ ಎಂದು ತಿರುಗಿಸಿ ಕಳಿಸುವಂತಿಲ್ಲ.

ಒಂದು ಕೊರತೆ ಇನ್ನೂ ಉಳಿದಿದೆ. ಖಾತೆದಾರನಿಗೆ ಗೊತ್ತಿಲ್ಲದೆ ಹಣ ಹೋಗಿ, ಅದರಲ್ಲಿ ಅವನ ತಪ್ಪಿಲ್ಲದಿದ್ದರೆ, 3 ದಿನದೊಳಗೆ ತಿಳಿಸಿದಾಗ ಹೊಣೆ ಅವನದಲ್ಲ ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಸುತ್ತೋಲೆ ಹೊರಡಿಸಿತ್ತು. ಆದರೆ ಡಿಜಿಟಲ್ ಅರೆಸ್ಟಿನಲ್ಲಿ ಗುಂಡಿ ಒತ್ತುವುದು ಖಾತೆದಾರನ ಬೆರಳೇ. ಭಯಕ್ಕೆ ಒತ್ತಿದರೂ ಒತ್ತಿದಂತೆಯೇ ಎಂಬುದು ಬ್ಯಾಂಕಿನ ಲೆಕ್ಕ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 7ರಿಂದ ಈ ಲೆಕ್ಕ ಬದಲಾಗಿದೆ. ಮೋಸ ಹೋಗಿ ತಾನೇ ಕಳಿಸಿದ ಹಣವನ್ನೂ 85,000 ಪೌಂಡುಗಳವರೆಗೆ ಬ್ಯಾಂಕುಗಳು ತುಂಬಿಕೊಡಬೇಕು, ಹಣ ಕಳಿಸಿದ ಬ್ಯಾಂಕೂ ಪಡೆದ ಬ್ಯಾಂಕೂ ಅರ್ಧರ್ಧ ಹೊರಬೇಕು. ಕಳ್ಳನಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ಬಿಸಿ ತಟ್ಟಿದರೆ ಬಾಡಿಗೆ ಖಾತೆಗಳ ಮೇಲೆ ಕಣ್ಣು ಹೆಚ್ಚುತ್ತದೆ ಎಂಬುದು ಅದರ ಹಿಂದಿನ ವಿಚಾರ.

ಹೇಳಿಕೊಳ್ಳುವ ಧೈರ್ಯ

ಖಾನಾಪುರದ ಹಿರಿಯರ ಸುದ್ದಿ ಓದಿದವರನ್ನು ಬಹುಕಾಲ ಕಾಡುವುದು ಹೋದ ಹಣವಲ್ಲ, ಅವರು ಅದನ್ನು ಇಬ್ಬರೇ ಹೊತ್ತಿದ್ದರೆಂಬುದು. ಯಾರಿಗೂ ಹೇಳಬೇಡಿ ಎಂಬ ವಂಚಕನ ಅಪ್ಪಣೆ ಕರೆ ಮುಗಿದ ಮೇಲೂ ಜಾರಿಯಲ್ಲಿರುತ್ತದೆ. ಆಗ ಅದನ್ನು ಜಾರಿಯಲ್ಲಿಡುವುದು ನಾಚಿಕೆ. ಇಷ್ಟು ಓದಿಯೂ ಮೋಸ ಹೋದರಲ್ಲ ಎಂದು ಮನೆಯವರು, ನೆರೆಯವರು ಆಡಬಹುದಾದ ಮಾತಿನ ಭಯ. ಬೆಂಗಳೂರಿನ ಪ್ರಕರಣದಲ್ಲೂ ಹಣ ಹೋಗಿ ತಿಂಗಳುಗಳು ಕಳೆದ ಮೇಲೆ ದೂರು ದಾಖಲಾಯಿತು.

ವಿಜಯಪುರದ ಆ ನಾಗರಿಕರು ತಮಗೆ ಬಂದ ಕರೆಯನ್ನು ಮುಚ್ಚಿಡದೆ ನಾಲ್ಕು ಜನರಿಗೆ ತೋರಿಸಿದರು. ಪ್ರಧಾನಿಯವರು ಅಂದು ಹೇಳಿದ ಸೂತ್ರ ಮೂರು ಮಾತಿನದು: ನಿಲ್ಲಿ, ಯೋಚಿಸಿ, ಆಮೇಲೆ ಕ್ರಮ ಕೈಗೊಳ್ಳಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅದಕ್ಕೆ ಇನ್ನೊಂದನ್ನು ಸೇರಿಸುವುದು ಒಳ್ಳೆಯದು. ಹೀಗೊಂದು ಕರೆ ಬಂದರೆ ಫೋನ್ ಇಟ್ಟು ನಮಗೆ ಹೇಳಿ, ಹಣ ಹೋಗಿದ್ದರೂ ಹೇಳಿ, ಯಾರೂ ಬೈಯುವುದಿಲ್ಲ ಎಂದು ಮಕ್ಕಳು, ಮೊಮ್ಮಕ್ಕಳು ಇಂದೇ ಕೂತು ಹೇಳಬೇಕು. ಅನುಮಾನ ಉಳಿದರೆ ಸಮೀಪದ ಠಾಣೆಗೆ ನಡೆದು ಹೋಗಿ ಕೇಳಲಿ. ಅಲ್ಲಿರುವ ಪೊಲೀಸನಿಗೆ ಒಂದು ಮೇಜಿದೆ, ಎದೆಯ ಮೇಲೆ ಹೆಸರಿದೆ, ಕಟ್ಟಡಕ್ಕೊಂದು ವಿಳಾಸವಿದೆ. ಇವು ಮೂರೂ ಇಲ್ಲದವನು ಏನೇ ವೇಷ ತೊಟ್ಟಿದ್ದರೂ ಅವನ ಮಾತಿಗೆ ಕೋಣೆಯ ಬಾಗಿಲು ಹಾಕಿಕೊಳ್ಳಬೇಕಾಗಿಲ್ಲ.